ಬಲೆ ಬೀಸುವ ಕಾಲವನ್ನು ನಿರ್ಧರಿಸುವವರು ಯಾರು?
ಗಂಡೋರಿ ನಾಲಾ, ಬೆಣ್ಣೆತೊರಾ, ಭೀಮೆಯ ಮೀನುಗಾರಿಕೆ: ಒಂದು ಮಾಹಿತಿ

ಕಲಬುರಗಿ: ರೋಹಿಣಿ ಮಳೆ ಕಳೆದು ಮೃಗಶಿರಾ ಕೂಡುವ ಹೊತ್ತಿಗೆ ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ತೊಗರಿ, ಹೆಸರು, ಉದ್ದಿನ ಬಿತ್ತನೆಗೆ ಹದವಾದ ಮಳೆ ಬಂದೀತೇ ಎಂಬುದು ಮೊದಲನೆಯದು. ಜಲಾಶಯಕ್ಕೆ ನೀರು ಹರಿದು ಈ ಸಲ ಮೀನುಗಾರಿಕೆ ನಡೆದೀತೇ ಎಂಬುದು ಎರಡನೆಯದು. ಮೊದಲ ಪ್ರಶ್ನೆಯನ್ನು ಇಡೀ ಜಿಲ್ಲೆ ಕೇಳುತ್ತದೆ. ಎರಡನೆಯದನ್ನು ಕೇಳುವವರು ದಡದಲ್ಲಿ ಬಲೆ ಒಣಹಾಕಿ ಕುಳಿತ ಕೆಲವೇ ಕುಟುಂಬಗಳು.

ಕರಾವಳಿಯಲ್ಲಿ ಈ ಪ್ರಶ್ನೆಗೆ ಉತ್ತರ ಸರಳವಾಗಿದೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದ್ದು, ಆಗಸ್ಟ್ 1ರಂದು ಅವು ಕಡಲಿಗಿಳಿಯುತ್ತವೆ. ಸಮುದ್ರದಲ್ಲಿ ನೀರಿದೆಯೇ ಎಂದು ಯಾರೂ ವಿಚಾರಿಸಬೇಕಾಗಿಲ್ಲ. ಬಯಲುಸೀಮೆಯ ಜಲಾಶಯದಲ್ಲಿ ಮಾತ್ರ ನಿಷೇಧದ ಅವಧಿ ಮುಗಿದರೂ ಋತು ತೆರೆಯಿತೆಂದು ಹೇಳಲಾಗದು. ಇಲ್ಲಿ ಋತುವನ್ನು ತೆರೆಯುವುದು ನೀರು. ಆ ನೀರು ಬರುವ ಕಾಲವೂ, ಅದು ಉಳಿಯುವ ಪ್ರಮಾಣವೂ ಮೀನುಗಾರರ ಕೈಯಲ್ಲಿಲ್ಲ.

ಮೂರು ಜಲಮೂಲಗಳು

ಕಲಬುರಗಿಯಿಂದ ಹುಮನಾಬಾದ್ ಮಾರ್ಗದಲ್ಲಿ ಸಿಗುವ ಕಮಲಾಪುರ, ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕೆಂಪು ಬಾಳೆಯಿಂದಾಗಿ ಹೆಸರುವಾಸಿ. 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಈ ಭಾಗದಲ್ಲಿ ಬೆಳಕೋಟಾ ಗ್ರಾಮದ ಬಳಿ ಗಂಡೋರಿ ನಾಲಾಕ್ಕೆ ಅಣೆಕಟ್ಟು ಕಟ್ಟಲಾಗಿದೆ. ಇದರ ಸಂಗ್ರಹ ಸಾಮರ್ಥ್ಯ ಸುಮಾರು 1.9 ಟಿಎಂಸಿ ಅಡಿ. ಗಂಡೋರಿ ನಾಲಾ ಮುಂದೆ ಬೆಣ್ಣೆತೊರಾ ನದಿಯನ್ನು ಸೇರುತ್ತದೆ. ಹೇರೂರಿನ ಬಳಿ ಬೆಣ್ಣೆತೊರಾಕ್ಕೆ ಕಟ್ಟಿದ ಜಲಾಶಯದ ಸಾಮರ್ಥ್ಯ ಸುಮಾರು 5.3 ಟಿಎಂಸಿ ಅಡಿ. ಬೆಣ್ಣೆತೊರಾ ಕಾಗಿಣೆಗೂ, ಕಾಗಿಣಾ ಭೀಮೆಗೂ ಕೂಡುತ್ತವೆ.

ಮೂರನೆಯದು ಭೀಮಾ ನದಿ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿ.ಮೀ. ಹರಿದು ಕೃಷ್ಣೆಯನ್ನು ಸೇರುವ ಈ ನದಿಗೆ ಸೊನ್ನ, ಸರಡಗಿ ಮೊದಲಾದೆಡೆ ಬ್ಯಾರೇಜುಗಳಿವೆ. ಮೇಲ್ಭಾಗದಲ್ಲಿ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯವಿದ್ದು, ಅದರ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ ಅಡಿ. ಈ ಅಂಕಿಯನ್ನು ಗಂಡೋರಿ ನಾಲಾದ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಭೀಮಾ ತೀರದ ಮೀನುಗಾರನ ಋತು ಅವನ ಊರಿನ ಮಳೆಗಿಂತ ಹೆಚ್ಚಾಗಿ ಪುಣೆ ಭಾಗದ ಘಟ್ಟದ ಮಳೆಯನ್ನೂ ಉಜನಿಯ ಗೇಟುಗಳನ್ನೂ ಅವಲಂಬಿಸಿದೆ. ಕಮಲಾಪುರ ಭಾಗದವನ ಋತು ತನ್ನ ನೆತ್ತಿಯ ಮೇಲಿನ ಮೋಡವನ್ನೇ ನೆಚ್ಚಿದೆ.

ಮೀನಿನ ಲೆಕ್ಕ

ಈ ಜಲಾಶಯಗಳಿಂದ ಪೇಟೆಗೆ ಬರುವ ಮೀನುಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮುಖ್ಯವಾದವು. ಮೊದಲ ಮೂರು ಉತ್ತರ ಭಾರತದ ದೊಡ್ಡ ನದಿಗಳಲ್ಲಿ ಬೆಳೆದ ಜಾತಿಗಳು. ಮುಂಗಾರಿನ ಕೆಂಪು ನೀರು ಉಕ್ಕಿ ದಡ ಮೀರಿದಾಗ ಇವು ಪ್ರವಾಹಕ್ಕೆ ಎದುರಾಗಿ ಸಾಗಿ, ಆಳವಿಲ್ಲದ ಮುಳುಗಡೆ ಪ್ರದೇಶದಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಇವು ಸಹಜವಾಗಿ ಮರಿ ಮಾಡುವುದಿಲ್ಲ. ಆದ್ದರಿಂದ ಕೆರೆ ಮತ್ತು ಸಣ್ಣ ಜಲಾಶಯಗಳಲ್ಲಿ ಪ್ರತಿವರ್ಷ ಮರಿ ಬಿತ್ತನೆ ಮಾಡುವುದು ಅನಿವಾರ್ಯ. ಕೊರಮೀನು, ಬಾಳೆಮೀನು ಮುಂತಾದ ಸ್ಥಳೀಯ ಜಾತಿಗಳು ತಾವೇ ಮರಿ ಮಾಡುತ್ತವೆಯಾದರೂ ಅವುಗಳಿಗೂ ಹೊಸನೀರು ಬೇಕೇಬೇಕು.

ಮರಿ ಬಿತ್ತನೆ ಸಾಧ್ಯವಾದದ್ದು ಪ್ರೇರಿತ ಸಂತಾನೋತ್ಪತ್ತಿ ವಿಧಾನದಿಂದ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಹಾಗೂ ಕೆ.ಎಚ್. ಅಳಿಕುಂಞಿ ಅವರು ಗೆಂಡೆ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರ ನೀಡಿ ಕೊಳದಲ್ಲಿಯೇ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ. ರಾಜ್ಯದಲ್ಲಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟು, ಶಿವಮೊಗ್ಗ ಜಿಲ್ಲೆಯ ಭದ್ರಾ ಯೋಜನೆ ಮೊದಲಾದ ಕಡೆ ಮೀನುಮರಿ ಉತ್ಪಾದನಾ ಕೇಂದ್ರಗಳಿವೆ.

ಮೊಟ್ಟೆಯೊಡೆದ ಮರಿ ಎರಡರಿಂದ ಎರಡೂವರೆ ಸೆಂ.ಮೀ. ಆಗಲು ಎರಡು, ಮೂರು ವಾರ ಬೇಕು. ಬೆರಳುದ್ದದ ಬಲಿತ ಮರಿಯಾಗಲು ಮತ್ತೆರಡು, ಮೂರು ತಿಂಗಳು. ದೊಡ್ಡ ಮೀನಿನ ಬಾಯಿಗೆ ಬೀಳದೆ ಉಳಿಯಬೇಕಾದರೆ ಜಲಾಶಯಕ್ಕೆ ಬಿಡುವ ಮರಿ ಸುಮಾರು ಹತ್ತು ಸೆಂ.ಮೀ. ಇರಬೇಕೆಂಬುದು ತಜ್ಞರ ಸಲಹೆ. ಹೀಗೆ ಬಿಟ್ಟ ಕಾಟ್ಲಾ ಅನುಕೂಲಕರ ನೀರಿನಲ್ಲಿ ವರ್ಷದೊಳಗೆ ಒಂದು ಕೆ.ಜಿ. ಆಸುಪಾಸಿನ ತೂಕ ಪಡೆಯುತ್ತದೆ.

ಈ ಲೆಕ್ಕದಲ್ಲಿ ಒಂದು ತಿಂಗಳ ವ್ಯತ್ಯಾಸವೂ ದೊಡ್ಡದು. ಆಗಸ್ಟ್‌ನಲ್ಲಿ ನೀರು ಬಂದು ಮರಿ ಬಿಟ್ಟರೆ ಮೇ ಕೊನೆಯವರೆಗೆ ಅದಕ್ಕೆ ಒಂಬತ್ತು, ಹತ್ತು ತಿಂಗಳ ಬೆಳವಣಿಗೆ. ಅಕ್ಟೋಬರ್‌ನಲ್ಲಿ ಬಿಟ್ಟರೆ ಏಳು, ಎಂಟು ತಿಂಗಳು ಮಾತ್ರ. ಅದರಲ್ಲಿಯೂ ಚಳಿಗಾಲದ ತಿಂಗಳುಗಳಲ್ಲಿ ಬೆಳವಣಿಗೆ ಮಂದ. ನೀರೇ ಬಾರದಿದ್ದರೆ ಆ ವರ್ಷದ ಬಿತ್ತನೆ ಇಲ್ಲ. ಅದರ ಪೆಟ್ಟು ಬೀಳುವುದು ಮುಂದಿನ ವರ್ಷದ ಹಿಡುವಳಿಯ ಮೇಲೆ. ರೈತನಿಗೆ ಒಂದು ಬರ ಒಂದು ಬೆಳೆಯನ್ನು ಕಸಿದರೆ ಮೀನುಗಾರನಿಗೆ ಅದೇ ಬರ ಎರಡು ಋತುಗಳನ್ನು ಕಸಿಯಬಲ್ಲದು.

ದಿನಾಂಕ ಮತ್ತು ಮಳೆ

ಮೀನು ಮೊಟ್ಟೆಯಿಡುವ ಕಾಲದಲ್ಲಿ ಹಿಡಿಯಬಾರದೆಂಬುದು ಹಳೆಯ ವಿವೇಕ. ಮುಂಗಾರಿನ ಆರಂಭದ ಸುಮಾರು ಎರಡು ತಿಂಗಳನ್ನು ಸಂತಾನ ಕಾಲವೆಂದು ಪರಿಗಣಿಸಿ ನದಿ, ಜಲಾಶಯಗಳಲ್ಲಿ ಮೀನು ಹಿಡಿಯುವುದನ್ನು ನಿರ್ಬಂಧಿಸುವ ಪದ್ಧತಿ ದೇಶದಾದ್ಯಂತ ಇದೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಇಂತಹ ನಿರ್ಬಂಧಗಳಿಗೆ ಕಾನೂನಿನ ಬೆಂಬಲವಿದೆ. ಪದ್ಧತಿಯ ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ತೊಡಕಿರುವುದು ದಿನಾಂಕದಲ್ಲಿ.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಜೂನ್ ಮತ್ತು ಜುಲೈ ಎಂದರೆ ರೋಹಿಣಿಯ ಕೊನೆಯಿಂದ ಪುಷ್ಯದವರೆಗೆ. ಕರಾವಳಿ, ಮಲೆನಾಡಿನಲ್ಲಿ ಈ ಅವಧಿಯಲ್ಲಿ ಹೊಳೆಗಳು ತುಂಬಿ ಹರಿಯುತ್ತವೆ. ಕಲಬುರಗಿ ಜಿಲ್ಲೆಯ ವಾರ್ಷಿಕ ಮಳೆ 700ರಿಂದ 800 ಮಿ.ಮೀ. ಆಸುಪಾಸಿನದು. ಇಲ್ಲಿ ಮೃಗಶಿರಾ, ಆರಿದ್ರಾ ಮಳೆಗಳು ಬಿತ್ತನೆಗೆ ಸಾಕಾಗುತ್ತವೆಯೇ ಹೊರತು ನಾಲಾಗಳಿಗೆ ಹರಿಯುವಷ್ಟು ನೀರು ಕೊಡುವುದು ಅಪರೂಪ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕಪ್ಪು ಮಣ್ಣು ಮೊದಲ ಮಳೆಗಳನ್ನೆಲ್ಲ ತಾನೇ ಕುಡಿಯುತ್ತದೆ. ಮಘಾ, ಹುಬ್ಬಾ, ಉತ್ತರಾ, ಹಸ್ತಾ ಮಳೆಗಳ ಕಾಲದಲ್ಲಿ, ಅಂದರೆ ಆಗಸ್ಟ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ, ಜಲಾಶಯದ ಭವಿಷ್ಯ ನಿರ್ಧಾರವಾಗುತ್ತದೆ. ಸೆಪ್ಟೆಂಬರ್ ಇಲ್ಲಿನ ಅತಿ ಮಳೆಯ ತಿಂಗಳುಗಳಲ್ಲೊಂದು.

ಇದರ ಫಲವೇನು? ಒಣ ವರ್ಷದಲ್ಲಿ ನಿರ್ಬಂಧದ ಎರಡು ತಿಂಗಳು ಹೊಸನೀರಿಲ್ಲದೆ ಕಳೆದುಹೋಗುತ್ತವೆ. ಮೀನು ಮೊಟ್ಟೆಯಿಡುವುದಿಲ್ಲ, ಮೀನುಗಾರನಿಗೆ ಕೆಲಸವಿರುವುದಿಲ್ಲ. ಆಗಸ್ಟ್ ಕೊನೆಯಲ್ಲಿ ನಾಲಾ ಹರಿದು ಮೀನು ನೀರಿಗೆ ಎದುರೇರುವಾಗ ನಿರ್ಬಂಧ ಮುಗಿದಿರುತ್ತದೆ. ಹಳ್ಳದ ಬಾಯಿಯಲ್ಲಿ ಮೊಟ್ಟೆ ತುಂಬಿದ ಮೀನು ಸುಲಭವಾಗಿ ಬಲೆಗೆ ಬೀಳುತ್ತದೆ. ನಿಯಮ ಪಾಲಿಸಿದವನಿಗೂ ನಷ್ಟ, ಮೀನಿಗೂ ನಷ್ಟ.

ಇದಕ್ಕೆ ಪೇಟೆಯ ಒತ್ತಡವೂ ಸೇರುತ್ತದೆ. ಮೃಗಶಿರಾ ಕೂಡುವ ದಿನ ಮೀನು ತಿಂದರೆ ಆರೋಗ್ಯಕ್ಕೆ ಹಿತವೆಂಬ ನಂಬಿಕೆ ಹಿಂದಿನ ಹೈದರಾಬಾದ್ ಸಂಸ್ಥಾನದ ಭಾಗಗಳಲ್ಲಿ ಬಲವಾಗಿದೆ. ಹೈದರಾಬಾದಿನಲ್ಲಿ ಆ ದಿನ ಉಬ್ಬಸದ ರೋಗಿಗಳಿಗೆ ಕೊರಮೀನಿನ ಜೀವಂತ ಮರಿಯೊಡನೆ ಔಷಧ ನುಂಗಿಸುವ ರೂಢಿ ಪ್ರಸಿದ್ಧವಾಗಿದೆ. ಸಂತಾನ ಕಾಲ ಆರಂಭವಾಗುವ ದಿನಗಳಲ್ಲೇ ಮೀನಿನ ಬೇಡಿಕೆ ಏರುವುದು ಈ ಭಾಗದ ವೈಚಿತ್ರ್ಯ.

ನೀರಿನ ಮೇಲೆ ಯಾರ ಹಕ್ಕು ಮೊದಲು?

ಜಲಾಶಯ ತುಂಬಿದ ಮಾತ್ರಕ್ಕೆ ಮೀನುಗಾರಿಕೆ ಖಚಿತವಾಯಿತೆಂದು ತಿಳಿಯುವಂತಿಲ್ಲ. ಕುಡಿಯುವ ನೀರಿಗೆ ಮೊದಲ ಸ್ಥಾನ, ನೀರಾವರಿಗೆ ಎರಡನೆಯ ಸ್ಥಾನ ಎಂಬುದು ಜಲನೀತಿಯ ಕ್ರಮ. ಕಲಬುರಗಿ ನಗರಕ್ಕೆ ಭೀಮೆಯ ಸರಡಗಿ ಬ್ಯಾರೇಜಿನಿಂದಲೂ ಬೆಣ್ಣೆತೊರಾ ಜಲಾಶಯದಿಂದಲೂ ಕುಡಿಯುವ ನೀರು ಬರುತ್ತದೆ. ಮಳೆ ಕೈಕೊಟ್ಟ ವರ್ಷ ಲಕ್ಷಾಂತರ ಜನರ ದಾಹದ ಮುಂದೆ ಮೀನಿನ ಪ್ರಶ್ನೆ ಹಿಂದೆ ಸರಿಯುವುದು ಸಹಜ, ಅದನ್ನು ಯಾರೂ ಆಕ್ಷೇಪಿಸುವಂತಿಲ್ಲ.

ಆದರೆ ನೀರಾವರಿಯ ಮಾತು ಬೇರೆ. ಹಿಂಗಾರು ಬೆಳೆಗೆ ಕಾಲುವೆಯಲ್ಲಿ ಎಷ್ಟು ನೀರು, ಯಾವಾಗ ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿಗಳು ಚರ್ಚಿಸುತ್ತವೆ. ಅಲ್ಲಿ ಎಕರೆಯ ಲೆಕ್ಕವಿದೆ. ಬೇಸಿಗೆಯ ಕೊನೆಗೆ ಮೀನು ಬದುಕುಳಿಯಲು ಎಷ್ಟು ಅಡಿ ನೀರು ಬೇಕೆಂಬ ಲೆಕ್ಕಕ್ಕೂ ಅಲ್ಲಿ ಸ್ಥಾನ ಸಿಗಬೇಕಾಗಿದೆ. ನೀರು ತಳಕ್ಕಿಳಿದಾಗ ಅದು ಕಾಯುತ್ತದೆ, ಆಮ್ಲಜನಕ ಕುಸಿಯುತ್ತದೆ. ಗುಂಡಿಗಳಲ್ಲಿ ಗುಂಪುಗೂಡಿದ ಮೀನು ಒಂದೋ ಸಾಯುತ್ತದೆ, ಇಲ್ಲವೇ ತಾಯಿಮೀನು ಸಹಿತ ಬಲೆಗೆ ಸಿಗುತ್ತದೆ. ಆ ವರ್ಷ ಪೇಟೆಯಲ್ಲಿ ಮೀನು ಹೇರಳವಾಗಿ ಕಂಡರೆ ಅದು ಸಮೃದ್ಧಿಯ ಗುರುತಲ್ಲ. ಮುಂದಿನ ವರ್ಷದ ಬಂಡವಾಳವೇ ಮಾರಾಟಕ್ಕೆ ಬಂದಿರುತ್ತದೆ.

ಗುತ್ತಿಗೆಯ ವರ್ಷ

ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಜಲವಿಸ್ತಾರದ ಕೆರೆಗಳ ಮೀನುಗಾರಿಕೆ ಹಕ್ಕು ಮೀನುಗಾರಿಕೆ ಇಲಾಖೆಯದು. ಅದಕ್ಕಿಂತ ಚಿಕ್ಕ ಕೆರೆಗಳು ಗ್ರಾಮ ಪಂಚಾಯಿತಿಯ ಸುಪರ್ದಿಗೆ ಸೇರಿವೆ. ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ನೀಡುವುದು, ಟೆಂಡರ್ ಹಾಗೂ ಹರಾಜು ನಡೆಸುವುದು, ಜಲಾಶಯ ಮತ್ತು ನದಿಗಳಲ್ಲಿ ವ್ಯಕ್ತಿಗತ ಪರವಾನಗಿ ಕೊಡುವುದು ರೂಢಿಯಲ್ಲಿರುವ ವಿಧಾನಗಳು. ಗುತ್ತಿಗೆ ಪಡೆದ ಸಂಘವೇ ಮರಿ ಬಿಡಬೇಕು, ಕಾವಲು ಇಡಬೇಕು.

ಗುತ್ತಿಗೆಯನ್ನು ಲೆಕ್ಕ ಹಾಕುವುದು ಫಸಲಿ ವರ್ಷದ ಪ್ರಕಾರ. ಅದು ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ 1ರಂದು ಇಲ್ಲಿನ ಜಲಾಶಯಗಳು ಸಾಮಾನ್ಯವಾಗಿ ವರ್ಷದ ಕನಿಷ್ಠ ಮಟ್ಟದ ಆಸುಪಾಸಿನಲ್ಲಿರುತ್ತವೆ. ಸೆಪ್ಟೆಂಬರ್ ಕೊನೆಗೆ ನೀರು ಬಂದರೆ ವರ್ಷದ ಕಾಲುಭಾಗ ಆಗಲೇ ಸಂದುಹೋಗಿರುತ್ತದೆ. ಗುತ್ತಿಗೆ ಹಣವನ್ನು ಮಾತ್ರ ನೀರು ಬರುವ ಮೊದಲೇ ಹೊಂದಿಸಬೇಕು. ಸಂಘದ ಕೈಯಲ್ಲಿ ಹಣವಿಲ್ಲದಿದ್ದರೆ ಮೀನು ವ್ಯಾಪಾರಿಯಿಂದ ಮುಂಗಡ ತರಬೇಕಾಗುತ್ತದೆ. ಮುಂಗಡ ಕೊಟ್ಟವನೇ ಮುಂದೆ ಮೀನಿನ ಬೆಲೆಯನ್ನೂ ಕಟ್ಟುತ್ತಾನೆ. ಋತು ತೆರೆಯುವುದೋ ಇಲ್ಲವೋ ಎಂಬ ಅನಿಶ್ಚಿತತೆಯ ಬಡ್ಡಿಯನ್ನು ಹೀಗೆ ಮೀನುಗಾರನೇ ತೆರುತ್ತಾನೆ.

ಬರ ಮತ್ತು ಪ್ರವಾಹ

2023ರ ಮುಂಗಾರು ವಿಫಲವಾದಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಕಲಬುರಗಿ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಅದಕ್ಕೂ ಮೂರು ವರ್ಷ ಹಿಂದೆ, 2020ರ ಅಕ್ಟೋಬರ್‌ನಲ್ಲಿ, ಇದೇ ಜಿಲ್ಲೆಯಲ್ಲಿ ಭೀಮೆ ಉಕ್ಕಿ ತೀರದ ಹಳ್ಳಿಗಳು ಜಲಾವೃತವಾಗಿದ್ದವು. 2025ರ ಸೆಪ್ಟೆಂಬರ್‌ನಲ್ಲಿಯೂ ಭೀಮಾ ತೀರ ಪ್ರವಾಹ ಕಂಡಿತು.

ಪ್ರವಾಹ ಬಂದರೆ ಮೀನುಗಾರನಿಗೆ ಲಾಭವೆಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧ ಸತ್ಯ. ಹೊಸನೀರು ಮೀನಿನ ಸಂತತಿಗೆ ಒಳ್ಳೆಯದೇ. ಆದರೆ ಗೇಟುಗಳ ಮೂಲಕ ಭಾರಿ ಪ್ರಮಾಣದಲ್ಲಿ ನೀರು ಹೊರಹರಿದಾಗ ಬಿಟ್ಟ ಮರಿಗಳೂ ಕೊಚ್ಚಿಹೋಗುತ್ತವೆ. ಹರಿಗೋಲು, ಬಲೆಗಳು ನಾಶವಾಗುತ್ತವೆ, ವಾರಗಟ್ಟಲೆ ನದಿಗಿಳಿಯಲಾಗದು. ವಿಪತ್ತು ಪರಿಹಾರದ ನಿಯಮಗಳಲ್ಲಿ ಹಾನಿಗೊಂಡ ದೋಣಿ ಹಾಗೂ ಬಲೆಗಳಿಗೆ ನೆರವು ಉಂಟು. ಮುರಿದ ದೋಣಿಯನ್ನು ತೋರಿಸಬಹುದು, ಹರಿದ ಬಲೆಯನ್ನೂ ತೋರಿಸಬಹುದು. ಬಾರದ ನೀರನ್ನು, ಆ ಕಾರಣದಿಂದ ಬಿಡದೆ ಉಳಿದ ಮರಿಯನ್ನು ಪಂಚನಾಮೆಯಲ್ಲಿ ತೋರಿಸುವುದು ಹೇಗೆ?

ನಗರದ ತಟ್ಟೆಗೆ ಕೊರತೆಯಿಲ್ಲ

ಇಷ್ಟಾದರೂ ಕಲಬುರಗಿ ನಗರದ ಮೀನು ಪ್ರಿಯರಿಗೆ ಈ ಏರುಪೇರು ಅಷ್ಟಾಗಿ ತಟ್ಟುವುದಿಲ್ಲ. ಒಳನಾಡು ಮೀನು ಉತ್ಪಾದನೆಯಲ್ಲಿ ದೇಶದಲ್ಲೇ ಮುಂದಿರುವ ಆಂಧ್ರಪ್ರದೇಶದ ಕೊಳಗಳ ರೋಹು, ಕಾಟ್ಲಾ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ದೂರದೂರದ ಪೇಟೆಗಳನ್ನು ತಲುಪುತ್ತವೆ. ಸ್ಥಳೀಯ ಜಲಾಶಯ ಬತ್ತಿದರೂ ಅಂಗಡಿ ಬರಿದಾಗದು. ಗ್ರಾಹಕನಿಗೆ ಕೊರತೆ ಕಾಣದಿರುವುದರಿಂದಲೇ ಉತ್ಪಾದಕನ ಸಂಕಟ ಸುದ್ದಿಯಾಗದೆ ಉಳಿಯುತ್ತದೆ. ಮೀನುಗಾರ ಕುಟುಂಬದವರು ಕೂಲಿಗಾಗಿ ಹೈದರಾಬಾದ್, ಪುಣೆ, ಮುಂಬೈ ಹಾದಿ ಹಿಡಿದಾಗ ಅದನ್ನು ಕೃಷಿ ಕೂಲಿಕಾರರ ಗುಳೆಯೊಡನೆ ಸೇರಿಸಿ ಎಣಿಸಲಾಗುತ್ತದೆ.

ಬೇರೆ ನಾಡುಗಳ ಕ್ರಮ

ಋತು ತೆರೆಯುವುದೋ ಇಲ್ಲವೋ ಎಂಬ ಆತಂಕ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರ ಹಾಗೂ ನದಿ ನೀರಿನ ಬಿಸಿಯಿಂದ ಸಾಲ್ಮನ್ ಮೀನಿನ ಸಂತತಿ ಕುಸಿದು, 2023, 2024 ಮತ್ತು 2025ರಲ್ಲಿ ಸತತ ಮೂರು ವರ್ಷ ವಾಣಿಜ್ಯ ಸಾಲ್ಮನ್ ಮೀನುಗಾರಿಕೆಯ ಋತು ತೆರೆಯಲಿಲ್ಲ. ನಾರ್ವೆ ಮತ್ತು ಫಿನ್ಲೆಂಡ್ ಗಡಿಯ ತಾನಾ ನದಿಯಲ್ಲಿ 2021ರಲ್ಲಿ ಸಾಲ್ಮನ್ ಹಿಡಿಯುವುದನ್ನು ನಿಲ್ಲಿಸಲಾಯಿತು.

ಅಲ್ಲಿಯೂ ಮೀನುಗಾರರು ನಷ್ಟ ಅನುಭವಿಸಿದ್ದಾರೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಪ್ರತಿವರ್ಷ ನದಿಗೆ ಮರಳಿದ ಮೀನಿನ ಎಣಿಕೆ ನಡೆಯುತ್ತದೆ. ಮುಂದಿನ ವರ್ಷದ ಅಂದಾಜು ಪ್ರಕಟವಾಗುತ್ತದೆ. ಏಪ್ರಿಲ್‌ನಲ್ಲಿ ಮಂಡಳಿಯೊಂದು ಬಹಿರಂಗ ಸಭೆ ಸೇರಿ ಋತುವಿನ ಬಗ್ಗೆ ತೀರ್ಮಾನಿಸುತ್ತದೆ. ಋತು ಇಲ್ಲವೆಂಬ ಮಾತೂ ಒಂದು ನಿರ್ಧಾರವಾಗಿ ಹೊರಬೀಳುತ್ತದೆ. ಆ ನಿರ್ಧಾರವನ್ನು ಮುಂದಿಟ್ಟುಕೊಂಡೇ ಅಲ್ಲಿನವರು ಪರಿಹಾರ ಕೇಳುತ್ತಾರೆ. ನಮ್ಮಲ್ಲಿ ಋತು ಘೋಷಣೆಯಿಲ್ಲದೆ ಮುಚ್ಚುತ್ತದೆ. ಘೋಷಣೆಯಿಲ್ಲದ ನಷ್ಟಕ್ಕೆ ಪರಿಹಾರ ಕೇಳುವ ಬಾಗಿಲೂ ಇಲ್ಲ.

ಲಭ್ಯವಿರುವ ನೆರವು

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ನಿಷೇಧ ಅಥವಾ ಅಭಾವದ ಮೂರು ತಿಂಗಳಿಗೆಂದು ಉಳಿತಾಯ ಮತ್ತು ಪರಿಹಾರದ ವ್ಯವಸ್ಥೆ ರೂಪಿಸಲಾಯಿತು. ಬಡ ಮೀನುಗಾರ ವರ್ಷದಲ್ಲಿ ತುಂಬಿದ 1,500 ರೂಪಾಯಿಗೆ ಸರ್ಕಾರ 3,000 ರೂಪಾಯಿ ಸೇರಿಸಿ, ಒಟ್ಟು 4,500 ರೂಪಾಯಿಯನ್ನು ತಿಂಗಳಿಗೆ 1,500ರಂತೆ ಮರಳಿಸುವುದು ಇದರ ಕ್ರಮ. ಒಳನಾಡು ಮೀನುಗಾರರಿಗೂ ಇದು ಅನ್ವಯಿಸುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2018-19ರಲ್ಲಿ ಮೀನುಗಾರರಿಗೂ ವಿಸ್ತರಿಸಲಾಗಿದೆ. ಸಂಘದ ಸದಸ್ಯತ್ವ, ಪರವಾನಗಿಯ ದಾಖಲೆಗಳನ್ನು ಸರಿಯಾಗಿಟ್ಟುಕೊಂಡವರಿಗೆ ಇಂತಹ ಸೌಲಭ್ಯ ಪಡೆಯುವುದು ಸುಲಭ. ಇತರರ ಬಲೆಯಲ್ಲಿ ಪಾಲಿಗೆ ದುಡಿಯುವವರು ಹೆಚ್ಚಾಗಿ ಹೊರಗುಳಿಯುತ್ತಾರೆ.

ಈ ವ್ಯವಸ್ಥೆ ಮೂರು ತಿಂಗಳ ಬಿಡುವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು. ಬರ ಬಿದ್ದ ವರ್ಷ ಗಂಡೋರಿ ನಾಲಾದಂತಹ ಜಲಾಶಯದಲ್ಲಿ ಬಿಡುವು ಹನ್ನೆರಡು ತಿಂಗಳಿಗೂ ಚಾಚಬಹುದು.

ಆಗಬೇಕಾದುದೇನು?

ಮಳೆಯನ್ನು ಯಾರೂ ಆಜ್ಞಾಪಿಸಲಾರರು. ಆದರೆ ಮಳೆ ಎಷ್ಟು ಬಂದಿತೆಂಬುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಎಲ್ಲರಿಗೂ ತಿಳಿದಿರುತ್ತದೆ. ಹಿಂಗಾರಿಗೆ ನೀರು ಬಿಡುವ ಬಗ್ಗೆ ಚರ್ಚಿಸುವ ಸಭೆಯಲ್ಲಿಯೇ ಮೀನುಗಾರಿಕೆ ಇಲಾಖೆ ಮತ್ತು ಸಂಘಗಳ ಪ್ರತಿನಿಧಿಗಳನ್ನು ಕೂರಿಸಿ ಮೂರು ವಿಷಯಗಳನ್ನು ಬರೆದಿಡುವುದು ಅಸಾಧ್ಯವೇನಲ್ಲ. ಬೇಸಿಗೆಯಲ್ಲಿ ಯಾವ ಮಟ್ಟಕ್ಕಿಂತ ಕೆಳಗೆ ಕಾಲುವೆಗೆ ನೀರು ಬಿಡಬಾರದು, ಈ ವರ್ಷ ಎಷ್ಟು ಮರಿ ಬಿಡಬೇಕು, ನೀರು ಬಾರದಿದ್ದರೆ ಗುತ್ತಿಗೆ ಹಣವನ್ನು ಯಾವ ಪ್ರಮಾಣದಲ್ಲಿ ಇಳಿಸಬೇಕು ಅಥವಾ ಅವಧಿಯನ್ನು ಎಷ್ಟು ಮುಂದುವರಿಸಬೇಕು ಎಂಬುವೇ ಆ ಮೂರು. ಸಂತಾನ ಕಾಲದ ನಿರ್ಬಂಧವನ್ನು ಪಂಚಾಂಗದ ದಿನಕ್ಕೆ ಕಟ್ಟದೆ, ಜಲಾಶಯಕ್ಕೆ ಮೊದಲ ಒಳಹರಿವು ದಾಖಲಾದ ದಿನದಿಂದ ಎಣಿಸುವುದು ಸಾಧ್ಯವೇ ಎಂಬುದನ್ನೂ ಪರಿಶೀಲಿಸಬೇಕು. ಒಳಹರಿವಿನ ದಾಖಲೆಯನ್ನು ಅಣೆಕಟ್ಟೆಯ ಸಿಬ್ಬಂದಿ ಹೇಗೂ ಇಡುತ್ತಾರೆ.

ಬೀದರಿನಲ್ಲಿ 2004ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಕಮಲಾಪುರದಿಂದ ದೂರದಲ್ಲೇನೂ ಇಲ್ಲ. ಈ ಭಾಗದ ಜಲಾಶಯಗಳಲ್ಲಿ ಮೀನು ನಿಜವಾಗಿ ಯಾವ ಮಳೆಯಲ್ಲಿ ಮೊಟ್ಟೆಯಿಡುತ್ತದೆ ಎಂಬ ಅಧ್ಯಯನಕ್ಕೆ ಅದಕ್ಕಿಂತ ತಕ್ಕ ನೆಲೆ ಬೇರೊಂದಿಲ್ಲ.

ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನನ್ನು ತಮ್ಮವನೆಂದು ನೆನೆಯುವ ಗಂಗಾಮತಸ್ಥ, ಕಬ್ಬಲಿಗ ಸಮುದಾಯಗಳು ಈ ಜಿಲ್ಲೆಯಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಅವರಲ್ಲಿ ಇಂದಿಗೂ ನೀರನ್ನೇ ನಂಬಿರುವವರು ಕೇಳುತ್ತಿರುವುದು ಮಳೆಯ ಭರವಸೆಯನ್ನಲ್ಲ. ಈ ವರ್ಷ ಬಲೆಗೆ ಕೆಲಸವಿದೆಯೇ, ಇಲ್ಲವೇ ಎಂಬುದನ್ನು ಗುತ್ತಿಗೆ ಹಣ ಕಟ್ಟುವ ಮೊದಲು ಯಾರಾದರೂ ಹೇಳಲಿ ಎಂಬುದಷ್ಟೇ ಅವರ ನಿರೀಕ್ಷೆ.